ಮೃಗಯಾಧರ್ಮವೂ ಹೊಲದ ಎಲ್ಲೆಯೂ

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಒಂದು ಶ್ಲೋಕದಲ್ಲಿ ಎರಡು ನ್ಯಾಯಗಳು ಮಗ್ಗುಲು ಮಗ್ಗುಲಾಗಿ ಕುಳಿತಿವೆ. ಮರದ ಬೊಡ್ಡೆಯನ್ನು ಕಡಿದು ನೆಲವನ್ನು ಹಸನುಮಾಡಿದವನಿಗೆ ಹೊಲವು ಸೇರುವುದು. ಮೊದಲು ಅಂಬನ್ನು ನಾಟಿಸಿದವನಿಗೆ ಮೃಗವು ಸೇರುವುದು. ಈ ಮಾತು ಬಂದಿರುವುದು ಕ್ಷೇತ್ರಬೀಜಗಳ ವಿಚಾರದಲ್ಲಿ, ಕೇವಲ ದೃಷ್ಟಾಂತವಾಗಿ. ಆದರೂ ಒಂದು ಸಂದೇಹವೇಳುತ್ತದೆ. ಅಂಬು ತಾಗಿದ ಹಂದಿಯು ಓಡಿಹೋಗಿ ಇನ್ನೊಬ್ಬನ ಹೊಲದಲ್ಲಿ ಬಿದ್ದರೆ ಗತಿಯೇನು? ಬೇಟೆಗಾರನು ಬದುವನ್ನು ದಾಟಿ ಪೈರನ್ನು ತುಳಿಯಬಹುದೆ? ಶ್ಲೋಕವು ಇಲ್ಲಿ ಮೌನವಾಗಿದೆ.

ಹೊಲದ ಪಕ್ಷವು ಬಲವಾದುದು. ಎಂಟನೆಯ ಅಧ್ಯಾಯದ ಸೀಮಾವಿವಾದದಲ್ಲಿ ಎಲ್ಲೆಗೆ ಮರಗಳನ್ನು ಬೆಳೆಸುವುದು, ಕೆರೆಬಾವಿಗಳನ್ನು ತೋಡಿಸುವುದು ಮಾತ್ರವಲ್ಲ, ಕಲ್ಲು, ಎಲುಬು, ಹೊಟ್ಟು, ಬೂದಿ, ಇದ್ದಲುಗಳನ್ನು ನೆಲದೊಳಗೆ ಗುಟ್ಟಾಗಿ ಹೂಳುವುದೂ ವಿಹಿತವಾಗಿದೆ. ಎಲ್ಲೆಯ ವಿಷಯದಲ್ಲಿ ಮನುಷ್ಯರು ಸದಾ ತಪ್ಪುವವರೆಂಬುದನ್ನು ಸ್ಮೃತಿಕಾರನು ಚೆನ್ನಾಗಿ ಬಲ್ಲನು. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕೆ. ಐದನೆಯ ಶತಮಾನದ ಕಾಕುಸ್ಥವರ್ಮನು ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಬದೋವರವೆಂಬ ಕ್ಷೇತ್ರವನ್ನು ಕೊಟ್ಟ ಸಂಗತಿಯು ಅಲ್ಲಿ ದೊರೆತ ತಾಮ್ರಪಟದಲ್ಲಿದೆ. ಮೃಗೇಶವರ್ಮನು ಜಿನಾಲಯಕ್ಕೆ ಬಿಟ್ಟ 33 ನಿವರ್ತನ ಭೂಮಿಗಾದರೋ ಮಾತೃಸರಿತ್ತು ಮೊದಲ್ಗೊಂಡು ಇಂಗಿಣೀಸಂಗಮದ ವರೆಗೆ ಎಲ್ಲೆಯನ್ನೇ ಹೇಳಿದೆ. ಹೊಲಕ್ಕೆ ಹೀಗೆ ತಾಮ್ರದ ಸಾಕ್ಷಿಯುಂಟು. ಓಡುವ ಮೃಗಕ್ಕೆ ಯಾರು ಪಟವನ್ನು ಬರೆಯಿಸಿಯಾರು?

ಮೃಗದ ವ್ಯಾಜ್ಯವನ್ನು ಮಾತಿನಿಂದಲೋ ತೋಳಿನಿಂದಲೋ ತೀರಿಸಿಕೊಳ್ಳಬೇಕು. ವನಪರ್ವದ ಕಿರಾತಪ್ರಸಂಗವು ವಾಚಕರಿಗೆ ಹೊಸದಲ್ಲ, ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ಸ್ಮರಿಸಲ್ಪಟ್ಟ ಭಾರವಿಯು ಅದನ್ನೇ ಮಹಾಕಾವ್ಯವಾಗಿ ವಿಸ್ತರಿಸಿದನು. ಮೂಕನೆಂಬ ಹಂದಿಗೆ ಎರಡು ಬಾಣಗಳು ಒಮ್ಮೆಗೇ ನಾಟಿದುವು. ಆಗ ಅರ್ಜುನನು ಹೊರಿಸಿದ ಅಪವಾದವು ಕಳ್ಳತನದ್ದಲ್ಲ. ಮೃಗಯಾಧರ್ಮವನ್ನು ಮೀರಿದೆಯೆಂದು ಅವನು ಆಕ್ಷೇಪಿಸುತ್ತಾನೆ; ಬೇಟೆಗೂ ಒಂದು ಧರ್ಮವುಂಟೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ. ಕಿರಾತನ ವಾದಕ್ಕೆ ಎರಡು ಕಾಲುಗಳು. ಗುರಿಯನ್ನು ಮೊದಲು ಹಿಡಿದವನು ತಾನು, ಇದೊಂದು. ಈ ನೆಲವು ವನವಾಸಿಗಳಾದ ತಮಗೆ ಎಂದಿನಿಂದಲೂ ಸಲ್ಲುವುದು, ಇದು ಇನ್ನೊಂದು. ಹರಿಕಥೆಯ ದಾಸರು ಕಿರಾತನು ಸಾಕ್ಷಾತ್ ಶಿವನೆಂಬುದನ್ನು ಹಾಡಿ ಮುಂದಕ್ಕೆ ಸಾಗುವರು. ವಾದವನ್ನು ತೂಗಿ ನೋಡುವವರು ಕಡಿಮೆ. ಶಿವತ್ವವನ್ನು ಬದಿಗಿರಿಸಿ ನೋಡಿದರೂ ಕಿರಾತನ ಪಕ್ಷವೇ ಹೆಚ್ಚು ತೂಗುವುದು. ಅರ್ಜುನನು ತಪಸ್ಸಿಗೆಂದು ಬಂದ ಪರಸ್ಥಳದವನು. ಅವನು ಅಂಬನ್ನು ಮಾತ್ರ ಎಣಿಸಿದನು, ನಿಂತ ನೆಲವನ್ನು ಎಣಿಸಲಿಲ್ಲ.

ಕಾಳಿದಾಸನ ದುಷ್ಯಂತನು ಈ ವಿಷಯದಲ್ಲಿ ಮೇಲು. ಆಶ್ರಮದ ಜಿಂಕೆಯೆಂದು ತಪಸ್ವಿಗಳು ತಡೆದೊಡನೆಯೇ ಹೂಡಿದ ಬಾಣವನ್ನು ಇಳಿಸಿದನು. ಕೌಟಿಲ್ಯನು ಮಾತ್ರ ಮರ್ಯಾದೆಯನ್ನು ನಂಬಿ ಕುಳಿತವನಲ್ಲ. ಅಭಯವನದ ಮೃಗಗಳನ್ನು ಕೊಂದವರಿಗೆ ಉತ್ತಮದಂಡವನ್ನೂ, ಅಲ್ಲಿ ಅತಿಕ್ರಮಿಸಿದ ಗೃಹಸ್ಥರಿಗೆ ಮಧ್ಯಮದಂಡವನ್ನೂ ವಿಧಿಸಿದನು.

ಕನ್ನಡನಾಡಿನಲ್ಲಿ ಬೇಟೆಯ ಗೌರವಕ್ಕೆ ಆತಕೂರಿನ ಕಲ್ಲೇ ಸಾಕು. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಇಮ್ಮಡಿ ಬೂತುಗನಿಂದ ಬೇಡಿ ಪಡೆದುದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ನಾಯಿಗಾಗಿ ನಿಲ್ಲಿಸಿದ ಕಲ್ಲಿಗೆ ಭೂಮಿಯನ್ನು ಬಿಟ್ಟು, ಆ ಭೂಮಿಯನ್ನು ಅಳಿದವನಿಗೆ ನಾಯಿಯ ಪಾಪವೆಂದು ಶಾಪವನ್ನೂ ಬರೆಯಿಸಿದರು. ಬೇಟೆಯ ಕೀರ್ತಿಯೂ ಕೊನೆಗೆ ಒಂದು ತುಂಡು ನೆಲವನ್ನೇ ಆಶ್ರಯಿಸಿತು!

ಆಂಗ್ಲರ ಕಾಲದಲ್ಲಿ ಕಿರಾತನ ವಾದದ ಎರಡು ಕಾಲುಗಳೂ ಮುರಿದುವು. ಮೊದಲು ಆಯುಧ ಹೋಯಿತು. 1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪಿಸಲೊಲ್ಲದೆ ಕಾದಾಡಿ ಗಲ್ಲಿಗೇರಿದರು. ಅನಂತರ ನೆಲ. ಬೆಳಗಾವಿಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. 1878ರ ಅರಣ್ಯದ ಕಾಯಿದೆಯು ಸರಕಾರವು ಕಾಯ್ದಿಟ್ಟ ಕಾಡಿನಲ್ಲಿ ನಿಯಮವನ್ನು ಮೀರಿ ಬೇಟೆಯಾಡುವುದನ್ನೂ ಬಲೆಯೊಡ್ಡುವುದನ್ನೂ ಅಪರಾಧವೆಂದಿತು. ತಲೆತಲಾಂತರದಿಂದ ಕಾಡಿನಲ್ಲಿದ್ದವನು ಕಾಡಿಗೆ ಅತಿಕ್ರಮಿಯಾದನು. ಬೆಳಗಾವಿಯ ದಂಡಿನ ಅಧಿಕಾರಿಗಾದರೆ ಪರವಾನಿಗೆಯ ಕಾಗದವೊಂದು ಸಾಕು. ಮೃಗಗಳನ್ನು ಉಳಿಸುವುದಕ್ಕೆ ಕಟ್ಟುಪಾಡು ಬೇಕೆಂಬುದು ನಿಜ. ಆದರೆ ಆ ಕಟ್ಟುಪಾಡಿನ ಭಾರವು ಯಾರ ಹೆಗಲ ಮೇಲೆ ಮೊದಲು ಬಿದ್ದಿತೆಂಬುದನ್ನು ಮರೆಯಲಾಗದು.

1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಅಂಬಿನ ನ್ಯಾಯವನ್ನೇ ಅಳಿಸಿತು. ಅದರ 39ನೆಯ ಕಲಮಿನಂತೆ ಕಾಯಿದೆಯನ್ನು ಮೀರಿ ಬೇಟೆಯಾಡಿದ ಮೃಗವು ಹೊಡೆದವನದೂ ಅಲ್ಲ, ಹೊಲದವನದೂ ಅಲ್ಲ, ಸರಕಾರದ ಸ್ವತ್ತು. 2011ರಲ್ಲಿ ಖಾನಾಪುರ ತಾಲೂಕಿನ ಸುಮಾರು 190 ಚದರ ಕಿಲೋಮೀಟರು ಕಾಡು ಭೀಮಗಡದ ಅಭಯಾರಣ್ಯವಾಯಿತು. ಗವಾಳಿ, ಪಾಸ್ತೋಳಿ, ತಳೇವಾಡಿಗಳಂಥ ಹಳ್ಳಿಗಳು ಅದರ ಒಡಲಲ್ಲಿಯೇ ಇವೆ. ಅಭಯಾರಣ್ಯದೊಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು ಪರವಾನಿಗೆಯಿಲ್ಲದೆ ಒಳಹೊಗಬಹುದೆಂದು ಅದೇ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಕಿರಾತನ ಎರಡನೆಯ ಮಾತಿನಲ್ಲಿ ಉಳಿದಿರುವುದು ಇಷ್ಟು.