ಕೋರ್ಸ್ ಮೊದಲೋ, ಊರು ಮೊದಲೋ?

ಮೊನ್ನೆ ಭಾನುವಾರ ಬೆಳಿಗ್ಗೆ ಇನ್ನೂ ಕಾಫಿ ಕುಡಿದಿರಲಿಲ್ಲ, ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನು. "ನೀನೇ ಹೇಳೋ ಮಾರಾಯ, ಇವ್ಳಿಗೆ ಬುದ್ಧಿ ಹೇಳಿ ಹೇಳಿ ನಂಗೆ ಸಾಕಾಯ್ತು" ಅಂತ ಶುರು ಮಾಡಿದರು. ವಿಷಯ ಇಷ್ಟೇ. ತಂಗಿಗೆ ಕೃಷಿ ಎಂಜಿನಿಯರಿಂಗ್ ಓದಬೇಕಂತೆ. ಅವಳ ರ‍್ಯಾಂಕಿಗೆ ಬೆಂಗಳೂರಿನ ಸೀಟು ಸಿಗುವ ಹಾಗಿಲ್ಲ, ರಾಯಚೂರಿನದು ಸಿಗಬಹುದು. ಚಿಕ್ಕಪ್ಪನ ಪ್ರಕಾರ ಶಿವಮೊಗ್ಗದಲ್ಲೇ ಯಾವುದೋ ಒಂದು ಬ್ರಾಂಚ್ ತೆಗೆದುಕೊಂಡರೆ ವಾರಕ್ಕೊಮ್ಮೆ ಮನೆಗೆ ಬರಬಹುದು. "ರಾಯಚೂರು ಎಲ್ಲಿ, ತೀರ್ಥಹಳ್ಳಿ ಎಲ್ಲಿ? ಆ ಬಿಸಿಲೇನು, ಆ ದೂರವೇನು!"

ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಯಾಕೆಂದರೆ ನಾನು ಊರು ನೋಡಿ ಕೋರ್ಸ್ ಬಿಟ್ಟವನು. ದೂರದ ಊರಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಿತ್ತು. ನನಗೋ ಬೆಂಗಳೂರೇ ಬೇಕು ಅನ್ನುವ ಹುಚ್ಚು. ಟೆಲಿಕಾಂ ತೆಗೆದುಕೊಂಡೆ, ನಾಲ್ಕು ವರ್ಷ ಇಷ್ಟವಿಲ್ಲದ ಸರ್ಕ್ಯೂಟುಗಳ ಜೊತೆ ಗುದ್ದಾಡಿದೆ, ಕೊನೆಗೆ ಬಂದು ಬಿದ್ದದ್ದು ಸಾಫ್ಟ್‌ವೇರಿಗೇ. ಆದರೆ ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಗಳಲ್ಲಿ ಅಲೆದು ಚರಿತ್ರೆಯ ಹುಚ್ಚು ಹತ್ತಿಸಿಕೊಂಡಿದ್ದೂ ಅದೇ ಬೆಂಗಳೂರಿನಲ್ಲಿ. ಹಾಗಾಗಿ ಲಾಭವೋ ನಷ್ಟವೋ ಇವತ್ತಿಗೂ ಲೆಕ್ಕ ಹಾಕಲಾಗಿಲ್ಲ.

ಫೋನಿಟ್ಟ ಮೇಲೆ ಒಂದು ಯೋಚನೆ ಬಂತು. ಸಿಇಟಿ, ಆಪ್ಷನ್ ಎಂಟ್ರಿ ಏನೂ ಇಲ್ಲದ ಕಾಲದಲ್ಲಿ ನಮ್ಮವರು ಇದನ್ನು ಹೇಗೆ ತೂಗುತ್ತಿದ್ದರು?

ಮೊದಲಿಗೆ ಒಂದು ಮಾತು. ಆಗ 'ಯೂನಿವರ್ಸಿಟಿ' ಅಂದರೆ ಈಗಿನ ಹಾಗೆ ದೊಡ್ಡ ಗೇಟು, ಮರಗಳ ಸಾಲು ಇರುವ ಕ್ಯಾಂಪಸ್ ಅಲ್ಲ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಶುರುವಾದ ಮೂರು ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯವು. ಪರೀಕ್ಷೆ ಮಾಡುವುದು, ಪದವಿ ಕೊಡುವುದು ಅವುಗಳ ಕೆಲಸ. ಪಾಠ ನಡೆಯುತ್ತಿದ್ದುದು ಅವಕ್ಕೆ ಸೇರಿಕೊಂಡ ಕಾಲೇಜುಗಳಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೂತು ಓದಿದವರಿಗೆ ಪದವಿ ಮದರಾಸಿನದು!

ಇನ್ನು ಕನ್ನಡದವರ ಪಾಡು ಕೇಳಬೇಕೆ? ನಾಡು ಹರಿದು ಹಂಚಿಹೋಗಿತ್ತು, ಅದರ ಜೊತೆ ಪದವಿಯ ದಾರಿಯೂ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರಿಗೆ ಬೊಂಬಾಯಿ ವಿಶ್ವವಿದ್ಯಾಲಯ, ಅಂದರೆ ಬಹುಮಟ್ಟಿಗೆ ಪುಣೆ ಅಥವಾ ಬೊಂಬಾಯಿಯ ಕಾಲೇಜು. ಮಂಗಳೂರು, ಬಳ್ಳಾರಿ, ಮೈಸೂರು ಸಂಸ್ಥಾನದವರಿಗೆ ಮದರಾಸು. ರಾಯಚೂರು, ಕಲಬುರಗಿ, ಬೀದರಿನವರು ನಿಜಾಮರ ಸೀಮೆ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು, ಬೋಧನೆ ಉರ್ದುವಿನಲ್ಲಿ. ರಾಯಚೂರಿನ ಕನ್ನಡ ಹುಡುಗನಿಗೆ ಊರು ಹತ್ತಿರ, ಪಾಠದ ಭಾಷೆ ದೂರ. ಈಗ ನನ್ನ ತಂಗಿಗೆ ಅದೇ ರಾಯಚೂರು ದೂರ, ಪಾಠ ಹತ್ತಿರ. ಕಾಲ ನೋಡಿ ಹೇಗೆ ತಿರುಗುತ್ತದೆ!

ನಮ್ಮ ನಾಡಿನಲ್ಲಿ ಎಂಜಿನಿಯರಿಂಗ್ ಓದಿದವರ ಕತೆ ಎಂದರೆ ವಿಶ್ವೇಶ್ವರಯ್ಯನವರಿಂದಲೇ ಶುರು ಮಾಡಬೇಕು. ಮುದ್ದೇನಹಳ್ಳಿಯ ಹುಡುಗ, ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮುಂದೆ ಎಂಜಿನಿಯರಿಂಗ್ ಓದಬೇಕು ಎಂದರೆ ಸಂಸ್ಥಾನದಲ್ಲಿ ಕಾಲೇಜೇ ಇಲ್ಲ. ಇಡೀ ದೇಶದಲ್ಲಿ ಆಗ ಹೆಸರಿಸುವಂಥವು ನಾಲ್ಕು: ಉತ್ತರದಲ್ಲಿ ರೂರ್ಕಿ, ಕಲ್ಕತ್ತಾದ ಪಕ್ಕದ ಶಿಬಪುರ, ಮದರಾಸು, ಪುಣೆ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಅವರು ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು.

ಈಗ ನಕಾಶೆ ತೆಗೆದು ನೋಡಿ. ನಾನು ಇಲ್ಲೇ ಅರ್ಧ ದಿನ ಕಳೆದುಬಿಟ್ಟೆ :) ಬೆಂಗಳೂರು ದಂಡಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಮದರಾಸಿನ ಕಡೆಯಿಂದ ಬಂದ ಹಳಿಯೂ ಬೊಂಬಾಯಿ ಕಡೆಯಿಂದ ಬಂದ ಹಳಿಯೂ ಒಂದನ್ನೊಂದು ಕೂಡಿದ್ದು 1871ರಲ್ಲಿ, ನಮ್ಮ ರಾಯಚೂರಿನಲ್ಲೇ. ಹರಿಹರ, ಹುಬ್ಬಳ್ಳಿಯ ಮೇಲೆ ಪುಣೆಗೆ ಹೋಗುವ ನೇರ ದಾರಿ 1880ರ ದಶಕದ ಕೊನೆಯವರೆಗೂ ಇರಲಿಲ್ಲ. ಹಾಗಾದರೆ 1880ರ ಸುಮಾರಿಗೆ ಬೆಂಗಳೂರಿನ ಹುಡುಗನೊಬ್ಬ ರೈಲಿನಲ್ಲೇ ಪುಣೆಗೆ ಹೋಗಬೇಕಾದರೆ ಮೊದಲು ಮದರಾಸಿನ ದಿಕ್ಕಿಗೇ ಹೊರಡಬೇಕು! ಜೋಲಾರಪೇಟೆ, ಅರಕ್ಕೋಣಂ, ಅಲ್ಲಿಂದ ತಿರುಗಿ ಗುಂತಕಲ್ಲು, ರಾಯಚೂರು, ಸೊಲ್ಲಾಪುರ, ಆಮೇಲೆ ಪುಣೆ. ಅರಕ್ಕೋಣದಿಂದ ಮದರಾಸಿಗೆ ಉಳಿಯುವುದು ಎಪ್ಪತ್ತು ಕಿಲೋಮೀಟರ್ ಅಷ್ಟೇ. ಎಂಜಿನಿಯರಿಂಗ್ ಕಾಲೇಜಿದ್ದ ಮದರಾಸನ್ನು ಕೂಗಳತೆಯಲ್ಲಿ ಬಿಟ್ಟು ಪುಣೆಯ ರೈಲು ಹತ್ತುವುದು ಎಂದರೆ ಊರಿನ ಹತ್ತಿರ-ದೂರ ನೋಡಿ ಮಾಡುವ ಕೆಲಸವಲ್ಲ.

ಪುಣೆಯಿಂದ ಆದದ್ದೇನು? 1883ರಲ್ಲಿ ಅವರು ಎಲ್‌ಸಿಇ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟು ಅವರು ಆ ಊರಿಗೆ ಬರುವ ಹೊತ್ತಿಗೆ ಹೊಸದಾಗಿ ಎದ್ದು ನಿಂತಿತ್ತು. ಇಪ್ಪತ್ತು ವರ್ಷ ಕಳೆದು, 1903ರಲ್ಲಿ, ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಕೂರಿಸಿದ್ದು ಅದೇ ಅಣೆಕಟ್ಟಿಗೆ. ಮಳೆ ಕಡಿಮೆ ಇರುವ ದಖನ್ನಿನ ನೆಲ, ಕಾಲುವೆ ನೀರನ್ನು ಅಳೆದು ಹಂಚಬೇಕಾದ ಹೊಲಗಳು, ಇವೂ ಅವರಿಗೆ ಪಾಠ ಹೇಳಿದವು. ಊರು ಎಂದರೆ ಬರೀ ಹಾಸ್ಟೆಲ್ ಇರುವ ಜಾಗ ಅಂದುಕೊಳ್ಳುತ್ತೇವೆ. ಕೆಲವು ಕೋರ್ಸುಗಳಲ್ಲಿ ಊರೇ ಅರ್ಧ ಪಾಠ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಮೈಸೂರಿನ ವಿದ್ಯಾರ್ಥಿವೇತನದಲ್ಲಿ ಓದಿದ ಹುಡುಗ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ವಾಪಸ್ ಬಂದದ್ದು 1909ರಲ್ಲಿ. ಪುಣೆ ಬಿಟ್ಟು ಕೆಲಸ ಹಿಡಿದು ಇಪ್ಪತ್ತೈದು ವರ್ಷ ಆಗಿತ್ತು! ಓದಲು ಕಳಿಸಿದ ಊರು ಹುಡುಗರನ್ನು ಹಾಗೇ ಇಟ್ಟುಕೊಂಡುಬಿಡುತ್ತದೆ. ಅಮೆರಿಕದಲ್ಲಿ ಎಂ.ಎಸ್. ಮಾಡಲು ಹೋದ ನನ್ನ ಗೆಳೆಯರನ್ನು ಕಂಡ ಮೇಲೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಿವಾನರಾದ ಮೇಲೆ ಅವರ ಕಾಲದಲ್ಲಿ ಆದದ್ದನ್ನು ನೋಡಿದರೆ, ದೂರದ ಊರಿಗೆ ಹುಡುಗರು ಹೋಗುವ ಬದಲು ಕೋರ್ಸೇ ಊರಿಗೆ ಬರಲಿ ಅನ್ನುವ ಯೋಚನೆ ಎದ್ದು ಕಾಣುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ದೇಶೀಯ ಸಂಸ್ಥಾನವೊಂದರಲ್ಲಿ ಅದೇ ಮೊದಲನೆಯದು. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಅದೇ 1917ರಲ್ಲಿ ಅತ್ತ ಧಾರವಾಡದಲ್ಲಿ ಕರ್ನಾಟಕ ಕಾಲೇಜೂ ಶುರುವಾಯಿತು.

ಹಾಗಂತ ತಕ್ಕಡಿ ಮೂಲೆಗೆ ಹೋಯಿತೇ? ಎಲ್ಲಿ ಹೋಗುತ್ತದೆ! ಹೊಸ ವಿಶ್ವವಿದ್ಯಾಲಯದಲ್ಲಿ ಕಲಾ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿಗೆ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಎಂದು ಪಾಲಾಯಿತು. ಮೈಸೂರಿನ ಹುಡುಗನಿಗೆ ಬಿ.ಎಸ್ಸಿ. ಬೇಕೆಂದರೆ ಬೆಂಗಳೂರಿಗೆ ಹೊರಡಬೇಕು, ಬೆಂಗಳೂರಿನವನಿಗೆ ತತ್ವಶಾಸ್ತ್ರ ಬೇಕೆಂದರೆ ಮೈಸೂರಿಗೆ. ಮೆಡಿಕಲ್ ಕಾಲೇಜಂತೂ 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೇ ಗಂಟುಮೂಟೆ ಕಟ್ಟಿತು. ಕನ್ನಡ ಎಂ.ಎ. ಮೈಸೂರಿನಲ್ಲಿ ಶುರುವಾದದ್ದು 1927ರಲ್ಲಿ. ನಮ್ಮ ತೀರ್ಥಹಳ್ಳಿ ಸೀಮೆಯ ಕುವೆಂಪು ಅದರ ಮೊದಲ ತಂಡದಲ್ಲಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕತೆ ಇನ್ನೂ ಮಜವಾಗಿದೆ. ಅದು 1949ರಲ್ಲಿ ಶುರುವಾದದ್ದು ಬೊಂಬಾಯಿಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಹುಡುಗರಷ್ಟೇ ಅಲ್ಲ, ಯೂನಿವರ್ಸಿಟಿಯೂ ಊರು ಹುಡುಕಿಕೊಂಡು ಅಲೆದಿದೆ.

ಪುಣೆಯ ಇನ್ನಿಬ್ಬರನ್ನು ನೆನೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. ಆಲೂರ ವೆಂಕಟರಾಯರು, ಅವರ ನಂತರ ದ.ರಾ. ಬೇಂದ್ರೆ, ಇಬ್ಬರೂ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದವರು. ಬೇಂದ್ರೆ ಬಿ.ಎ. ಮುಗಿಸಿದ್ದು 1918ರಲ್ಲಿ. ಸುತ್ತ ಮರಾಠಿಯ ಅಬ್ಬರ, ತಮ್ಮ ನುಡಿಯ ಬಗ್ಗೆ ಆ ಜನಕ್ಕಿದ್ದ ಹೆಮ್ಮೆ. ಅದನ್ನು ಕಣ್ಣಾರೆ ಕಂಡ ಕನ್ನಡದ ಹುಡುಗರಿಗೆ 'ನಮ್ಮದೆಲ್ಲಿ?' ಅನ್ನಿಸದೇ ಇರುತ್ತದೆಯೇ? ಊರಿಗೆ ಬಂದು ಆಲೂರರು ಏಕೀಕರಣಕ್ಕೆ ನಿಂತರು, ಬೇಂದ್ರೆ ಕನ್ನಡದ ದೊಡ್ಡ ಕವಿಯಾದರು. ಇದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ ಅಂತ ನನ್ನ ಊಹೆ.

ಇಷ್ಟೆಲ್ಲ ಹುರುಪಿನಿಂದ ಓದಿಕೊಂಡು ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ವಿಶ್ವೇಶ್ವರಯ್ಯ, ಅರಕ್ಕೋಣಂ, ಖಡಕ್‌ವಾಸ್ಲಾ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಚಿಕ್ಕಪ್ಪ ತಾಳ್ಮೆಯಿಂದ ಕೇಳಿ ಕೊನೆಗೆ ಒಂದೇ ಮಾತು ಅಂದರು: "ಅವ್ರೆಲ್ಲ ಗಂಡು ಹುಡುಗ್ರು ಕಣೋ."

ನನ್ನ ಬಾಯಿ ಕಟ್ಟಿಹೋಯಿತು. ನಿಜ ಅಲ್ಲವೇ? ಬೆಳಿಗ್ಗೆಯಿಂದ ನಾನು ಹೆಕ್ಕಿದ್ದ ಹೆಸರುಗಳಲ್ಲಿ ಒಂದೂ ಹೆಣ್ಣಿನದಲ್ಲ. ಪುಣೆಯೋ ಮದರಾಸೋ ಎಂದು ತೂಗುವ ತಕ್ಕಡಿಯೇ ಆಗಿನ ಹೆಣ್ಣುಮಕ್ಕಳ ಕೈಗೆ ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಇರುವ ಊರಿನಲ್ಲಿ ಇದ್ದರೆ ಓದು, ಇಲ್ಲದಿದ್ದರೆ ಇಲ್ಲ. ಮೈಸೂರಿನಲ್ಲಿ 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾಗಿ ಮುಂದೆ ಕಾಲೇಜಾದ ಮಹಾರಾಣಿಯ ಬೆಲೆ ನನಗೆ ತಿಳಿದದ್ದು ಆ ಕ್ಷಣ. ಗಂಡು ಹುಡುಗರಿಗೆ ಹತ್ತಿರದ ಕಾಲೇಜು ಅನುಕೂಲವಾಗಿತ್ತು, ಹೆಣ್ಣುಮಕ್ಕಳಿಗೆ ಅದೊಂದೇ ಬಾಗಿಲಾಗಿತ್ತು. ನನ್ನ ಅಜ್ಜಿಯ ಓದು ಊರಿನ ಶಾಲೆ ಮುಗಿದಲ್ಲಿಗೆ ನಿಂತಿತು, ಅಮ್ಮನದು ತೀರ್ಥಹಳ್ಳಿಯ ಪಿಯುಸಿಗೆ. ಇಬ್ಬರೂ ದಡ್ಡರಾಗಿರಲಿಲ್ಲ. ಬಸ್ಸು ಅಲ್ಲಿಂದ ಮುಂದಕ್ಕೆ ಹೋಗುತ್ತಿತ್ತು, ಅವರನ್ನು ಹತ್ತಿಸುವವರು ಇರಲಿಲ್ಲ.

ಇದನ್ನೇ ಚಿಕ್ಕಪ್ಪನಿಗೆ ಹೇಳಿದೆ. "ಅದಕ್ಕೇ ಚಿಕ್ಕಪ್ಪ, ಇವಳಾದರೂ ತೂಗಿ ನೋಡಲಿ. ಊರು ಬೇಡ ಅಂತ ಅವಳಿಗೇ ಅನ್ನಿಸಿದರೆ ಶಿವಮೊಗ್ಗ ಸೇರಲಿ. ನಾವು ಹೇಳಿ ಸೇರಿಸೋದು ಬೇಡ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಿನ್ನ ಚಿಕ್ಕಮ್ಮನೂ ಅದನ್ನೇ ಅಂತಾಳೆ" ಅಂದರು.

ತಂಗಿ ಫೋನ್ ಕಿತ್ತುಕೊಂಡು ಕೇಳಿದಳು, "ಅಣ್ಣ, ನೀನು ಆವಾಗ ಕೋರ್ಸ್ ನೋಡಿದ್ಯಾ, ಊರು ನೋಡಿದ್ಯಾ?"

ಊರು ನೋಡಿದೆ ಅಂದೆ. ನಾಲ್ಕು ವರ್ಷ ತರಗತಿಯಲ್ಲಿ ಗಡಿಯಾರ ನೋಡಿಕೊಂಡು ಕೂತಿದ್ದನ್ನೂ ಹೇಳಿದೆ, ಅವೆನ್ಯೂ ರೋಡಿನ ಪುಸ್ತಕಗಳನ್ನೂ ಹೇಳಿದೆ. ಎರಡೂ ಸತ್ಯವೇ. ಅವಳು ಸುಮ್ಮನೆ ಕೇಳಿ, "ರಾಯಚೂರಲ್ಲಿ ಬಿಸಿಲು ತುಂಬಾ ಅಂತೆ, ಹೌದಾ?" ಅಂದಳು.

ಹೌದು ಅಂದೆ. ಮಳೆಯಲ್ಲೇ ಹುಟ್ಟಿ ಬೆಳೆದವಳು ಒಣಭೂಮಿಗೆ ನೀರು ಹಾಯಿಸುವುದನ್ನು ಎಲ್ಲಿ ಕಲಿಯುತ್ತಾಳೆ, ತೀರ್ಥಹಳ್ಳಿಯಲ್ಲೇ? ಆದರೆ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆಪ್ಷನ್ ಎಂಟ್ರಿಗೆ ಇನ್ನೂ ನಾಲ್ಕು ದಿನ ಇದೆ. ಅವಳೇ ಯೋಚಿಸಲಿ.