ಟ್ಯಾರಿಫ್

ತಾರೀಫು ಎಂದರೆ ಹೊಗಳಿಕೆ, ಟ್ಯಾರಿಫ್ ಎಂದರೆ ಸುಂಕ. ಎರಡೂ ಒಂದೇ ಬಳ್ಳಿಯ ಹೂಗಳು ಎಂದರೆ ನಂಬುವುದು ಕಷ್ಟ.

ಅರಬ್ಬಿಯ ‘ತಅರೀಫ್’ ಎಂದರೆ ತಿಳಿಯಪಡಿಸುವುದು. ಗುಣ ತಿಳಿಸುವುದೇ ಹೊಗಳಿಕೆಯಾಗಿ, ಅದು ಉರ್ದುವಿನ ಮೂಲಕ ಕನ್ನಡಕ್ಕೆ ಬಂತು. ಮೆಡಿಟರೇನಿಯನ್ ಬಂದರುಗಳ ವ್ಯಾಪಾರಿಗಳ ಬಾಯಲ್ಲಿ ಅದೇ ಪದ ದರಪಟ್ಟಿಯಾಗಿ, ಇಟಾಲಿಯನ್ನಿನ ‘ತಾರಿಫಾ’ ಆಗಿ, ಇಂಗ್ಲಿಷ್ ಸೇರಿತು. ಹೋಟೆಲ್ ಕೋಣೆಯ ಟ್ಯಾರಿಫ್‌ನಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ.

ಈ ಪದ ಒಂದು ದೇಶವನ್ನೇ ಒಡೆಯುವ ಹಂತಕ್ಕೆ ಒಯ್ದದ್ದು ಅಮೆರಿಕದಲ್ಲಿ. 1828ರ ಆಮದು ಸುಂಕ ಉತ್ತರದ ಕಾರ್ಖಾನೆಗಳನ್ನು ಕಾಯಿತು. ಹತ್ತಿ ಮಾರಿ ಹೊರದೇಶದ ಸರಕು ಕೊಳ್ಳುತ್ತಿದ್ದ ದಕ್ಷಿಣಕ್ಕೆ ಹೊರೆಯಾಯಿತು. ದಕ್ಷಿಣದವರು ಅದನ್ನು ‘ಹೇಸಿಗೆಯ ಟ್ಯಾರಿಫ್’ ಎಂದೇ ಕರೆದರು. ಒಕ್ಕೂಟದ ಕಾನೂನನ್ನು ರಾಜ್ಯ ತನ್ನ ಗಡಿಯೊಳಗೆ ಅನೂರ್ಜಿತಗೊಳಿಸಬಹುದು ಎಂಬ ವಾದವನ್ನು ಹೆಸರು ಹಾಕದೆ ಬರೆದುಕೊಟ್ಟವರು ಸ್ವತಃ ಉಪಾಧ್ಯಕ್ಷ ಜಾನ್ ಕ್ಯಾಲ್‌ಹೂನ್. 1832ರ ನವೆಂಬರ್‌ನಲ್ಲಿ ಸೌತ್ ಕ್ಯಾರೊಲಿನಾ ಹಾಗೆಯೇ ಘೋಷಿಸಿತು. ಆ ರಾಜ್ಯದ ಜಮೀನುದಾರರು ರಾಜ್ಯಗಳ ಹಕ್ಕಿನ ಮಾತಾಡುವಾಗ ಗುಲಾಮಗಿರಿಯನ್ನು ಕಾಪಾಡಿಕೊಳ್ಳುವ ಆತಂಕವೂ ಅದರೊಳಗಿತ್ತು ಎಂಬುದನ್ನು ಮರೆಯಬಾರದು.

ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಜಗ್ಗಲಿಲ್ಲ. 1833ರ ಮಾರ್ಚ್‌ನಲ್ಲಿ ಬಂದ ‘ಫೋರ್ಸ್ ಬಿಲ್’ ಸುಂಕ ವಸೂಲಿಗೆ ಸೇನೆ ಬಳಸಲು ಅನುಮತಿ ಕೊಟ್ಟಿತು. ಬೇಕಾದರೆ ಸುಂಕದ ಕಟ್ಟೆಯನ್ನು ಬಂದರಿನೊಳಗಿನ ಹಡಗಿಗೇ ಸ್ಥಳಾಂತರಿಸಬಹುದಿತ್ತು. ಜೊತೆಗೇ, ಸೆನೆಟರ್ ಹೆನ್ರಿ ಕ್ಲೇ ರೂಪಿಸಿದ ರಾಜಿ ಕಾಯ್ದೆ 1842ರ ಹೊತ್ತಿಗೆ ದರವನ್ನು ಶೇ 20ಕ್ಕೆ ಇಳಿಸಲು ಒಪ್ಪಿತು.

ಸೌತ್ ಕ್ಯಾರೊಲಿನಾ ಸಮಾವೇಶ ಸೇರಿ ತನ್ನ ಘೋಷಣೆಯನ್ನು ಹಿಂತೆಗೆದುಕೊಂಡಿತು. ಆದರೆ ಅದೇ ಸಮಾವೇಶದಲ್ಲಿ, ಕೆಲವೇ ದಿನಗಳ ಬಳಿಕ, ಫೋರ್ಸ್ ಬಿಲ್ಲನ್ನೂ ಅನೂರ್ಜಿತವೆಂದು ಸಾರಿತು.