ಹಸ್ತಾಕ್ಷರ ಸಂಗ್ರಹವೂ ಕೂಟಲೇಖಗಳೂ

ರಾಜಶಾಸನವು ದೊರೆಯ ಸ್ವಹಸ್ತದಿಂದಲೂ ಕಾಲನಿರ್ದೇಶದಿಂದಲೂ ಕೂಡಿರತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದುದರಿಂದ ಈ ವಿಧಿಯು ಕನ್ನಡನಾಡಿನ ಪಂಡಿತರಿಗೆ ಅಪರಿಚಿತವಾದುದಲ್ಲ. ಕೂಟಶಾಸನವನ್ನು ಮಾಡಿದವನಿಗೆ ಮನುಸ್ಮೃತಿಯು ವಧೆಯನ್ನೇ ದಂಡವಾಗಿ ಹೇಳಿದೆ. ಇವೆರಡನ್ನೂ ಜತೆಯಾಗಿ ಓದಿದರೆ ಒಂದು ಸಂಗತಿಯು ಹೊಳೆಯದಿರದು: ಸಹಿಗೆ ಬೆಲೆಯು ಬಂದ ದಿನವೇ ಕಳ್ಳಸಹಿಯೂ ಹುಟ್ಟಿತು.

ದೊರೆಯ ಸ್ವಹಸ್ತಕ್ಕೆ ಪ್ರಸಿದ್ಧವಾದ ನಿದರ್ಶನವು 1894ರಲ್ಲಿ ದೊರೆತ ಬಾಂಸಖೇಡಾ ತಾಮ್ರಪಟ. ಕ್ರಿ.ಶ. 628ರ ಈ ದಾನಪತ್ರದ ಕೊನೆಯಲ್ಲಿ ಮಹಾರಾಜಾಧಿರಾಜ ಹರ್ಷನ ಸ್ವಹಸ್ತವೆಂದು ಅಲಂಕೃತವಾದ ಅಕ್ಷರಗಳಲ್ಲಿ ಕೊರೆದಿದೆ. ಆದರೆ ಕೊರೆದುದು ಉಳಿ. ಉಳಿಯನ್ನು ಹಿಡಿದ ಕೈಯು ದೊರೆಯದಲ್ಲ. ವಿಜಯನಗರದ ತಾಮ್ರಶಾಸನಗಳಲ್ಲಿ ಈ ವಿಚಾರವು ಇನ್ನೊಂದು ಬಗೆಯಾಗಿದೆ. ಶಾಸನಪಾಠವು ನಂದಿನಾಗರಿಯಲ್ಲಿದ್ದರೂ ಕೊನೆಯ ಒಪ್ಪವು ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುವುದು ಸುವಿದಿತ. ಅಲ್ಲಿ ರಾಜನು ತನ್ನ ಹೆಸರನ್ನು ಹಾಕದೆ ದೇವರ ಹೆಸರನ್ನು ಹಾಕಿದನು. ವ್ಯಕ್ತಿಯ ಕೈಬರಹವನ್ನು ವ್ಯಕ್ತಿಗೋಸ್ಕರವೇ ಕೂಡಿಡುವ ಹವ್ಯಾಸವು ಇಂತಹ ಪದ್ಧತಿಯಿಂದ ಹುಟ್ಟತಕ್ಕದ್ದಲ್ಲ.

ಆ ಹವ್ಯಾಸದ ಮೂಲವನ್ನು ಯೂರೋಪಿನಲ್ಲಿ ನೋಡಬೇಕು. ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ವಿದ್ಯಾರ್ಥಿಗಳು ತಮ್ಮ ಗುರುಗಳಿಂದಲೂ ಗೆಳೆಯರಿಂದಲೂ ಒಂದೆರಡು ಪಂಕ್ತಿಗಳನ್ನು ಬರೆಯಿಸಿಕೊಳ್ಳುತ್ತಿದ್ದ ಸ್ನೇಹಪುಸ್ತಕಗಳು ಇದರ ಮೊದಲ ರೂಪ. ಹತ್ತೊಂಬತ್ತನೆಯ ಶತಮಾನದ ವೇಳೆಗೆ ಇದು ದೊಡ್ಡ ವ್ಯಾಪಾರವಾಯಿತು. ಅಮೆರಿಕದ ಪಾದ್ರಿ ವಿಲಿಯಂ ಸ್ಪ್ರೇಗ್ ಎಂಬಾತನು, ನಕಲುಗಳನ್ನು ಇಟ್ಟುಹೋಗಬೇಕೆಂಬ ಒಂದೇ ಕರಾರಿನ ಮೇಲೆ, ಜಾರ್ಜ್ ವಾಷಿಂಗ್ಟನನ ಕಾಗದಪತ್ರಗಳಿಂದ ಸುಮಾರು 1,500 ಮೂಲಪತ್ರಗಳನ್ನು ಎತ್ತಿಕೊಂಡನು. ಆ ಕಾಗದಗಳ ಸಂಪಾದಕನಾದ ಜೇರೆಡ್ ಸ್ಪಾರ್ಕ್ಸನ ಕೃತ್ಯವು ಇದಕ್ಕಿಂತಲೂ ವಿಷಾದಕರವಾದುದು. ವಾಷಿಂಗ್ಟನನು 1789ರಲ್ಲಿ ತನ್ನ ಮೊದಲನೆಯ ಅಧಿಕಾರಸ್ವೀಕಾರ ಸಂದರ್ಭಕ್ಕಾಗಿ ಸಿದ್ಧವಾಗಿದ್ದು ಓದದೆ ಬಿಟ್ಟ ಭಾಷಣವೊಂದು ಅವನ ಕೈಬರಹದಲ್ಲಿಯೇ ಉಳಿದಿತ್ತು. ಸ್ಪಾರ್ಕ್ಸನು ಇದನ್ನು ಪ್ರಕಟಿಸಲಿಲ್ಲ. ಹಾಳೆಗಳನ್ನು ಬಿಡಿಸಿ, ಕೆಲವನ್ನು ತುಂಡುತುಂಡಾಗಿ ಕತ್ತರಿಸಿ, ಹಸ್ತಾಕ್ಷರವನ್ನು ಬೇಡಿದವರಿಗೆಲ್ಲ ಹಂಚಿದನು. ಮುಂದಿನ ವಿದ್ವಾಂಸರು ಆ ಚೂರುಗಳನ್ನು ಊರೂರುಗಳಿಂದ ಹುಡುಕಿ ಜೋಡಿಸಬೇಕಾಯಿತು. ಇಡಿಯ ಭಾಷಣವಂತೂ ಕೂಡಿಬಂದಿಲ್ಲ. ಪವಿತ್ರವಸ್ತುವೆಂದು ಪೂಜಿಸಿದವರಿಂದಲೇ ಗ್ರಂಥವು ನಷ್ಟವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದುರ್ಲಭ.

ಬೆಲೆಯು ವಿರಳತೆಯನ್ನು ಅನುಸರಿಸುತ್ತದೆಯೇ ಹೊರತು ಯೋಗ್ಯತೆಯನ್ನಲ್ಲ. ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಸಹಿ ಮಾಡಿದ 56 ಮಂದಿಯಲ್ಲಿ ಬಟನ್ ಗ್ವಿನೆಟ್ ಎಂಬಾತನು ಮರುವರ್ಷವೇ, 1777ರಲ್ಲಿ, ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮಡಿದನು. ಅವನ ಬರಹವು ಅತ್ಯಲ್ಪವಾಗಿ ಉಳಿದುದರಿಂದ, 56 ಸಹಿಗಳನ್ನೂ ಪೂರ್ತಿಗೊಳಿಸಬಯಸಿದ ಸಂಗ್ರಾಹಕರಿಗೆ ಅದು ಅನಿವಾರ್ಯವಾಯಿತು. 1927ರಲ್ಲಿ ಅವನ ಸಹಿಯುಳ್ಳ ಒಂದು ಪತ್ರವು 51,000 ಡಾಲರುಗಳಿಗೆ ಹರಾಜಾಯಿತು.

ಇಂತಹ ಪೇಟೆಯಲ್ಲಿ ಪಂಡಿತನಾದವನು ಎಷ್ಟರಮಟ್ಟಿಗೆ ಮೋಸಹೋಗಬಲ್ಲನೆಂಬುದನ್ನು ಪ್ಯಾರಿಸಿನ ಮಿಷೆಲ್ ಷಾಲನ ವೃತ್ತಾಂತವು ತೋರಿಸುತ್ತದೆ. ಷಾಲನು ಸಾಮಾನ್ಯನಲ್ಲ. ರೇಖಾಗಣಿತದಲ್ಲಿ ಅವನ ಹೆಸರು ಇಂದಿಗೂ ನಿಂತಿದೆ; ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾಗಿದ್ದ ಅವನಿಗೆ ಲಂಡನ್ನಿನ ರಾಯಲ್ ಸೊಸೈಟಿಯು 1865ರಲ್ಲಿ ಕೋಪ್ಲೆ ಪದಕವನ್ನು ಕೊಟ್ಟಿತ್ತು. ವ್ರೇನ್ ಲೂಕಾ ಎಂಬ ಹಳ್ಳಿಗಾಡಿನ ಬಡವನು 1861ರಿಂದ ಮೊದಲ್ಗೊಂಡು ಇವನಿಗೆ ಹಳೆಯ ಕಾಗದಗಳನ್ನು ಮಾರುತ್ತ ಬಂದನು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೇಶವನ್ನು ಬಿಟ್ಟುಹೋದ ಶ್ರೀಮಂತನೊಬ್ಬನ ಭಂಡಾರವು ಇದು, ಹಡಗು ಒಡೆದಾಗ ಕೆಲವು ನೀರಿನಲ್ಲಿ ನೆನೆದವು ಎಂಬುದು ಲೂಕಾನು ಕಟ್ಟಿದ ಕಥೆ. ಹಾಳೆಗಳು ಮಾಸಿಕೊಂಡಿದ್ದುದಕ್ಕೆ ಆ ಕಥೆಯೇ ಸಮಾಧಾನವಾಯಿತು. ವಾಸ್ತವದಲ್ಲಿ ಹಳೆಯ ಪುಸ್ತಕಗಳ ಬರಿಯ ಹಾಳೆಗಳನ್ನು ಕಿತ್ತು, ತಾನೇ ಮಾಡಿದ ಮಸಿಯಿಂದ ಬರೆದು, ದೀಪದ ಶಾಖದಲ್ಲಿ ಕಂದಿಸುವುದು ಅವನ ಕೆಲಸವಾಗಿತ್ತು. ಎಂಟು ವರ್ಷಗಳಲ್ಲಿ 27,000ಕ್ಕೂ ಮಿಕ್ಕ ಪತ್ರಗಳನ್ನು ಷಾಲನು ಕೊಂಡನು. ತೆತ್ತ ಹಣವು ಸುಮಾರು 1,40,000 ಫ್ರಾಂಕುಗಳು.

1867ರ ಜುಲೈನಲ್ಲಿ ಷಾಲನು ಇವುಗಳಲ್ಲಿ ಕೆಲವನ್ನು ಅಕಾಡೆಮಿಯ ಮುಂದಿಟ್ಟನು. ಗುರುತ್ವಾಕರ್ಷಣದ ನಿಯಮವನ್ನು ನ್ಯೂಟನನಿಗಿಂತ ಮುಂಚೆ ಪಾಸ್ಕಲನೇ ಕಂಡುಹಿಡಿದು, ಬಾಲಕನಾಗಿದ್ದ ನ್ಯೂಟನನಿಗೆ ತಿಳಿಸಿದನೆಂಬುದು ಅವುಗಳ ತಾತ್ಪರ್ಯ. ಪಾಸ್ಕಲನು 1662ರಲ್ಲಿ ತೀರಿಕೊಂಡಾಗ ನ್ಯೂಟನನಿಗೆ ಇಪ್ಪತ್ತು ವರ್ಷಗಳು ತುಂಬಿರಲಿಲ್ಲ. ಆಕ್ಷೇಪಗಳು ಕೂಡಲೇ ಎದ್ದವು. ಅವುಗಳಲ್ಲಿ ಗ್ಲಾಸ್ಗೋವಿನ ಜ್ಯೋತಿಶ್ಶಾಸ್ತ್ರಜ್ಞ ರಾಬರ್ಟ್ ಗ್ರಾಂಟನ ವಾದವು ಅತ್ಯಂತ ಪ್ರಬಲವಾದುದು. ಪಾಸ್ಕಲನದೆಂಬ ಟಿಪ್ಪಣಿಯಲ್ಲಿ ಗ್ರಹಗಳ ದ್ರವ್ಯರಾಶಿಗೆ ಕೊಟ್ಟಿದ್ದ ಅಂಕೆಗಳು ನ್ಯೂಟನನ ಪ್ರಿನ್ಸಿಪಿಯಾ ಗ್ರಂಥದ 1726ರ ಮೂರನೆಯ ಆವೃತ್ತಿಯವು. 1687ರ ಮೊದಲ ಆವೃತ್ತಿಯಲ್ಲಿ ನ್ಯೂಟನನಿಗೇ ಆ ಅಂಕೆಗಳು ದೊರೆತಿರಲಿಲ್ಲ. ಅರುವತ್ತುನಾಲ್ಕು ವರ್ಷಗಳ ಹಿಂದೆ ಸತ್ತವನು ಅವನ್ನು ಬರೆದನೆಂದು ನಂಬುವುದೆಂತು? ಗೆಲಿಲಿಯೋ 1641ರಲ್ಲಿ ಬರೆದನೆಂಬ ಪತ್ರಗಳೂ ಸಿಕ್ಕಿಬಿದ್ದವು. ಅವನು 1638ರ ಹೊತ್ತಿಗೇ ಕುರುಡನಾಗಿದ್ದನು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪ್ರತಿಯೊಂದು ಆಕ್ಷೇಪವೂ ಷಾಲನ ಶ್ರದ್ಧೆಯನ್ನು ಹೆಚ್ಚಿಸಿತು. ಸಂದೇಹವು ಎದ್ದೊಡನೆಯೇ ಅದಕ್ಕೆ ಉತ್ತರವಾಗುವಂತಹ ಹೊಸ ಪತ್ರವೊಂದು ಲೂಕಾನ ಚೀಲದಿಂದ ಹೊರಬೀಳುತ್ತಿತ್ತು. ಒಂದು ಸಂಗ್ರಹದಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರವು ಸಿಕ್ಕುವುದೇ ಅನುಮಾನಕ್ಕೆ ಎಡೆಯೆಂಬುದು ಗಣಿತಜ್ಞನಿಗೆ ಹೊಳೆಯಲಿಲ್ಲ. ಫ್ರಾನ್ಸಿಗೆ ಕೀರ್ತಿಯು ಬರುವುದಾದರೆ ಸಾಕೆಂಬ ಅಭಿಮಾನವೂ ಅವನ ಕಣ್ಣಿಗೆ ಕಟ್ಟಿದ್ದಿರಬೇಕು. ಕಡೆಗೆ 1869ರಲ್ಲಿ ಗೆಲಿಲಿಯೋ ಪತ್ರವು ಕೃತ್ರಿಮವೆಂದು ಫ್ಲಾರೆನ್ಸಿನಿಂದ ತೀರ್ಪು ಬಂದಿತು, ಲೂಕಾನು ಬಂಧಿತನಾದನು. ವಿಚಾರಣೆಯ ಕಾಲದಲ್ಲಿ ಕ್ಲಿಯೋಪಾತ್ರಳು ಸೀಸರನಿಗೆ ಬರೆದ ಪತ್ರವೂ, ಅಲೆಕ್ಸಾಂಡರನು ಅರಿಸ್ಟಾಟಲನಿಗೆ ಬರೆದ ಪತ್ರವೂ ಹೊರಬಂದವು. ಎಲ್ಲವೂ ಕಾಗದದ ಮೇಲೆ, ಎಲ್ಲವೂ ಫ್ರೆಂಚ್ ಭಾಷೆಯಲ್ಲಿ! 1870ರ ಫೆಬ್ರವರಿಯಲ್ಲಿ ಅವನಿಗೆ ಎರಡು ವರ್ಷಗಳ ಸೆರೆಯೂ 500 ಫ್ರಾಂಕುಗಳ ಜುಲ್ಮಾನೆಯೂ ವಿಧಿಸಲ್ಪಟ್ಟವು.

ಗ್ರಾಂಟನು ಹಿಡಿದ ದಾರಿಯು ಕರ್ಣಾಟಕದ ಶಾಸನಪಂಡಿತರಿಗೆ ಹೊಸದಲ್ಲ. ಗಂಗರ ತಾಮ್ರಪಟಗಳನ್ನು ಕುರಿತು ಫ್ಲೀಟನಿಗೂ ರೈಸನಿಗೂ ನಡೆದ ದೀರ್ಘವಿವಾದದಲ್ಲಿ ಇದೇ ಪರೀಕ್ಷೆಗಳು ಪ್ರಯೋಗವಾದವು: ಹೇಳಿಕೊಂಡ ಕಾಲಕ್ಕೆ ಲಿಪಿಯು ಒಪ್ಪುವುದೇ, ತಿಥಿವಾರಗಳು ಕೂಡುವುವೇ, ತಿಳಿಯಬಾರದ ಸಂಗತಿಗಳು ಮುಂದಾಗಿಯೇ ತಿಳಿದಿವೆಯೇ? ಮಡಿಕೇರಿಯ ತಾಮ್ರಪಟದ ಲಿಪಿಯು ಅದು ಹೇಳುವ 388ನೆಯ ವರ್ಷಕ್ಕೆ ಬಹಳ ಈಚಿನದೆಂಬ ಆಕ್ಷೇಪವು ಇಂದಿಗೂ ನಿಂತಿದೆ. ಆದರೆ ಫ್ಲೀಟನು ಸಂದೇಹವನ್ನೇ ವ್ರತವಾಗಿ ಹಿಡಿದವನಲ್ಲ. ಪೆನುಕೊಂಡೆಯ ಪಟವು ಕಣ್ಣಮುಂದೆ ಬಂದಾಗ ಅದನ್ನು ಅಕೃತ್ರಿಮವೆಂದು ಒಪ್ಪಿಕೊಂಡನು. ಷಾಲನಲ್ಲಿ ಕಾಣದಿದ್ದುದು ಈ ಸಮದೃಷ್ಟಿಯೇ.

ಲಿಪಿಪರೀಕ್ಷೆಗಿಂತಲೂ ಬಲವಾದ ಸಾಕ್ಷಿಯು ಪತ್ರವು ಇದ್ದ ಸ್ಥಳ. 1791ರಲ್ಲಿ ಮರಾಠರ ಕುದುರೆಯ ದಂಡು ಶೃಂಗೇರಿಯನ್ನು ಕೊಳ್ಳೆಹೊಡೆದ ಬಳಿಕ ಟಿಪ್ಪು ಸುಲ್ತಾನನಿಗೂ ಮಠಕ್ಕೂ ನಡೆದ ಪತ್ರವ್ಯವಹಾರವನ್ನು ಮೈಸೂರಿನ ಪ್ರಾಚ್ಯಸಂಶೋಧನ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಕನ್ನಡದಲ್ಲಿರುವ ಆ ಸುಮಾರು ಮೂವತ್ತು ಪತ್ರಗಳು ಯಾವ ಹರಾಜಿನಿಂದಲೂ ಬಂದುವಲ್ಲ. ಯಾರಿಗೆ ಬರೆಯಲ್ಪಟ್ಟವೋ ಅವರ ಮಠದಲ್ಲಿಯೇ, ಒಂದರ ಪಕ್ಕದಲ್ಲಿ ಒಂದಾಗಿ, ನೂರಿಪ್ಪತ್ತು ವರ್ಷಗಳಿಗೂ ಮಿಕ್ಕು ಉಳಿದಿದ್ದವು. ಮುದ್ರೆಯುಳ್ಳ ಒಂದೇ ಓಲೆಯು ವಿದೇಶದ ಸಂಗ್ರಾಹಕನ ಗಾಜಿನ ಪೆಟ್ಟಿಗೆಯನ್ನು ಸೇರಿದ್ದರೆ ಸುಲ್ತಾನನ ಸಹಿಯೆಂಬ ಹೆಸರು ಮಾತ್ರ ಅದಕ್ಕೆ ದಕ್ಕುತ್ತಿತ್ತು. ಸಾಲಾಗಿ ಉಳಿದುದರಿಂದಲೇ ಕೊಳ್ಳೆಯ ಸುದ್ದಿ, ಅದಕ್ಕೆ ಬಂದ ಉತ್ತರ, ಶಾರದಾದೇವಿಯ ಪುನಃಪ್ರತಿಷ್ಠೆಗೆಂದು 200 ರಹತಿ ನಗದನ್ನು ಕೊಡಿಸಬೇಕೆಂದು ಬಿದನೂರಿನ ಆಸಫನಿಗೆ ಹೋದ ಅಪ್ಪಣೆ, ಇವೆಲ್ಲವೂ ಒಂದಕ್ಕೊಂದು ಸಾಕ್ಷಿಯಾಗಿ ನಿಂತಿವೆ.